ಗೋಧಿಯ ರೂಪಾಯಿಯಿಂದ ಸಮಪಾಲಿನವರೆಗೆ: ಭಾರತ–ಅಮೆರಿಕ ಫುಲ್‌ಬ್ರೈಟ್ ಪ್ರತಿಷ್ಠಾನದ ಪ್ರಕರಣ ಅಧ್ಯಯನ

2008ರ ಜುಲೈ 4ರಂದು ದೆಹಲಿಯಲ್ಲಿ ಭಾರತದ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ ಮೆನನ್ ಮತ್ತು ಅಮೆರಿಕದ ರಾಯಭಾರಿ ಡೇವಿಡ್ ಮಲ್ಫೋರ್ಡ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅಣು ಒಪ್ಪಂದದ ವಿವಾದ ಕಾವೇರಿದ್ದ ದಿನಗಳವು. ನಾಲ್ಕು ದಿನ ಕಳೆಯುವುದರೊಳಗೆ ಎಡಪಕ್ಷಗಳು ಮನಮೋಹನ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದವು, ಜುಲೈ 22ರಂದು ಲೋಕಸಭೆಯಲ್ಲಿ ವಿಶ್ವಾಸಮತದ ಪರೀಕ್ಷೆಯೂ ನಡೆಯಿತು. ಆ ಗದ್ದಲದ ನಡುವೆ ವಿದ್ಯಾರ್ಥಿವೇತನಕ್ಕೆ ಸಂಬಂಧಿಸಿದ ಒಂದು ಒಪ್ಪಂದ ಯಾರ ಗಮನವನ್ನೂ ಹೆಚ್ಚು ಹೊತ್ತು ಹಿಡಿದಿಡುವಂತಹುದಾಗಿರಲಿಲ್ಲ. ಆದರೂ ಎರಡೂ ದೇಶಗಳ ವಿದ್ವಾಂಸರ ವಿನಿಮಯಕ್ಕಾಗಿ ಫುಲ್‌ಬ್ರೈಟ್ ವೇತನ ಕೊಡುತ್ತ 58 ವರ್ಷಗಳಿಂದ ನಡೆದುಬಂದಿದ್ದ ಒಂದು ಸಂಸ್ಥೆಯ ಲೆಕ್ಕಪತ್ರದ ಸ್ವರೂಪವೇ ಅಂದು ಬದಲಾಯಿತು.

ಬದಲಾವಣೆಯ ಒಂದು ಗುರುತು ಹೆಸರಿನಲ್ಲಿದೆ. ಅಲ್ಲಿಯವರೆಗೆ ಸಂಸ್ಥೆಯ ಹೆಸರು ‘ಭಾರತದಲ್ಲಿನ ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನ’. ಆಮೇಲೆ ಅದು ‘ಅಮೆರಿಕ–ಭಾರತ ಶೈಕ್ಷಣಿಕ ಪ್ರತಿಷ್ಠಾನ’ವಾಯಿತು. ಕನ್ನಡದ ವ್ಯಾಕರಣದಲ್ಲಿ ಹೇಳುವುದಾದರೆ ಸಪ್ತಮೀ ವಿಭಕ್ತಿ ಹೋಗಿ ಎರಡು ದೇಶಗಳ ನಡುವೆ ಒಂದು ಅಡ್ಡಗೆರೆ ಬಂತು. ಮೊದಲು ಅಮೆರಿಕದ ಸಂಸ್ಥೆಯೊಂದು ಇರುವ ಜಾಗವಾಗಿದ್ದ ಭಾರತ ಈಗ ಅದರ ಪಾಲುದಾರನಾಯಿತು. ವಿದ್ಯಾರ್ಥಿವೇತನದ ಹೆಸರಿನಲ್ಲಿಯೂ ಸೆನೆಟರ್ ಫುಲ್‌ಬ್ರೈಟ್ ಪಕ್ಕದಲ್ಲಿ ನೆಹರೂ ಸೇರಿಕೊಂಡು, ‘ಫುಲ್‌ಬ್ರೈಟ್–ನೆಹರೂ’ ಎಂಬ ಜೋಡುಹೆಸರು ಬಳಕೆಗೆ ಬಂತು. ಎರಡು ಸರ್ಕಾರಗಳ ಹೆಸರಿನಲ್ಲಿ ನಡೆಯುವ ಒಂದು ಸಂಸ್ಥೆಗೆ ನಿಜವಾಗಿಯೂ ಎರಡೂ ಕಡೆಯ ಹಣ ಬಂದು ಸೇರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಏಕೆ ಬೇಕಾಯಿತು, ಮತ್ತು ಹಣ ಸಮನಾದ ಮೇಲೆ ಅಧಿಕಾರವೂ ಸಮನಾಯಿತೇ ಎಂಬುದು ಈ ಅಧ್ಯಯನದ ವಿಷಯ.

ಮೂಲಧನ: ಹೊರಗೆ ಹೋಗಲಾರದ ಹಣ

ಜೆ. ವಿಲಿಯಂ ಫುಲ್‌ಬ್ರೈಟ್ ಅರ್ಕನ್ಸಾ ರಾಜ್ಯದಿಂದ ಆರಿಸಿಬಂದ ಸೆನೆಟರ್. ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದಿದ್ದವರು, ತಮ್ಮ ರಾಜ್ಯದ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆಗಿದ್ದವರು. 1945ರ ಸೆಪ್ಟೆಂಬರಿನಲ್ಲಿ ಅವರು ಮಂಡಿಸಿದ ಮಸೂದೆಯಲ್ಲಿ ಆದರ್ಶದ ಮಾತಿಗಿಂತ ಲೆಕ್ಕಾಚಾರದ ಜಾಣತನ ಹೆಚ್ಚಾಗಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ತಾನು ಹೋದಲ್ಲೆಲ್ಲ ಟ್ರಕ್ಕು, ಡೇರೆ, ಔಷಧಿ, ವಿಮಾನದ ಬಿಡಿಭಾಗಗಳನ್ನು ಬಿಟ್ಟುಬಂದಿತ್ತು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿಯೇ ಹಳೆಯ ಡಕೋಟಾ ವಿಮಾನಗಳು ಹೊಸ ರೂಪ ಪಡೆದು ನಾಗರಿಕ ಸೇವೆಗೆ ಹಾರಿದವು. ಇಂತಹ ಉಳಿಕೆ ಸಾಮಾನನ್ನು ಹಡಗಿಗೆ ತುಂಬಿ ಮನೆಗೆ ಒಯ್ಯುವುದಕ್ಕಿಂತ ಇದ್ದಲ್ಲಿಯೇ ಮಾರುವುದು ಅಗ್ಗವಾಗಿತ್ತು, ಆದರೆ ಕೊಳ್ಳುವ ದೇಶಗಳ ಬಳಿ ಡಾಲರ್ ಇರಲಿಲ್ಲ. ಅವರು ಕೊಡಬಹುದಾಗಿದ್ದದ್ದು ತಮ್ಮದೇ ನಾಣ್ಯವನ್ನು, ಮತ್ತು ಆ ನಾಣ್ಯ ಅವರ ಗಡಿಯಾಚೆ ಚಲಾವಣೆಯಾಗುತ್ತಿರಲಿಲ್ಲ. ಹಾಗಿದ್ದರೆ ಆ ಹಣವನ್ನು ಅಲ್ಲಿಯೇ ವಿದ್ಯೆಗಾಗಿ ವೆಚ್ಚ ಮಾಡೋಣ ಎಂಬುದು ಫುಲ್‌ಬ್ರೈಟ್ ಸೂಚಿಸಿದ ದಾರಿ. ಅಧ್ಯಕ್ಷ ಟ್ರೂಮನ್ 1946ರ ಆಗಸ್ಟ್ 1ರಂದು ಅದಕ್ಕೆ ಅಂಕಿತ ಹಾಕಿದರು. ಒಂದು ದೇಶಕ್ಕೆ ಒಟ್ಟು 2 ಕೋಟಿ ಡಾಲರ್, ವರ್ಷಕ್ಕೆ 10 ಲಕ್ಷ ಡಾಲರ್ ಮೌಲ್ಯದ ಸ್ಥಳೀಯ ನಾಣ್ಯವೆಂದು ಕಾಯಿದೆ ಮಿತಿ ಹಾಕಿತು.

ಕಾಯಿದೆಯಡಿ ಮೊದಲ ಒಪ್ಪಂದ 1947ರ ನವೆಂಬರಿನಲ್ಲಿ ಚೀನಾದೊಡನೆ ಆಯಿತು, ಮರುತಿಂಗಳು ಬರ್ಮಾದೊಡನೆ. ಭಾರತದ ಸರದಿ ಬಂದದ್ದು 1950ರ ಫೆಬ್ರವರಿ 2ರಂದು, ಅಂದರೆ ಗಣರಾಜ್ಯವಾಗಿ ಇನ್ನೂ ಎಂಟು ದಿನವೂ ತುಂಬದಿದ್ದಾಗ. ಭಾರತದ ಪರವಾಗಿ ಜವಾಹರಲಾಲ್ ನೆಹರೂ, ಅಮೆರಿಕದ ಪರವಾಗಿ ರಾಯಭಾರಿ ಲಾಯ್ ಹೆಂಡರ್ಸನ್ ಸಹಿ ಹಾಕಿದರು.

ಈ ಪ್ರಕರಣದ ಬಹುಪಾಲು ಬಿಕ್ಕಟ್ಟುಗಳಿಗೆ ಮೂಲವಾದ ಒಂದು ವಿಚಿತ್ರ ಅಸಮತೆ ಇಲ್ಲಿಂದಲೇ ಹುಟ್ಟುತ್ತದೆ. ರೂಪಾಯಿ ಭಾರತದೊಳಗೆ ಮಾತ್ರ ಖರ್ಚಾಗಬಲ್ಲದು. ಆದ್ದರಿಂದ ಇಲ್ಲಿಗೆ ಬರುವ ಅಮೆರಿಕನ್ನರಿಗೆ ಊಟ, ವಸತಿ, ಬೋಧನಶುಲ್ಕ, ಪ್ರಯಾಣ ಎಲ್ಲವನ್ನೂ ಅದರಿಂದಲೇ ಕೊಡಬಹುದಾಗಿತ್ತು. ಅಲ್ಲಿಗೆ ಹೋಗುವ ಭಾರತೀಯನಿಗಾದರೋ ಅದೇ ರೂಪಾಯಿಯಿಂದ ಪ್ರಯಾಣದ ಟಿಕೆಟ್ಟನ್ನು ಮಾತ್ರ ಕೊಳ್ಳಬಹುದಾಗಿತ್ತು. ಕಾಯಿದೆಯೂ ಅಷ್ಟನ್ನೇ ಅನುಮತಿಸುತ್ತಿತ್ತು. ಅಮೆರಿಕದ ನೆಲದಲ್ಲಿ ಕಾಲಿಟ್ಟ ಕ್ಷಣದಿಂದ ಅವನಿಗೆ ಡಾಲರ್ ಬೇಕು. ಆ ಡಾಲರ್ ವಿಶ್ವವಿದ್ಯಾಲಯದಿಂದ ಬರಬೇಕಾಗಿತ್ತು, ಇಲ್ಲವೇ 1948ರ ಸ್ಮಿತ್–ಮುಂಡ್ಟ್ ಕಾಯಿದೆಯಡಿ ಪ್ರತ್ಯೇಕವಾಗಿ ಮಂಜೂರಾಗಬೇಕಾಗಿತ್ತು. ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಮಾತು ಇಲ್ಲಿ ಅಕ್ಷರಶಃ ಸರಿಹೋಗುತ್ತದೆ: ಎರಡೂ ಕಡೆಯವರಿಗೆ ಒಂದೇ ಹೆಸರಿನ ವಿದ್ಯಾರ್ಥಿವೇತನ, ಒಳಗಿನ ಹೂರಣ ಮಾತ್ರ ಬೇರೆ.

ಮೈಸೂರಿನ ಎ.ಕೆ. ರಾಮಾನುಜನ್ ಈ ವ್ಯವಸ್ಥೆಯಲ್ಲಿಯೇ ಹೋದವರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ, ಬಳಿಕ ಬರೋಡಾದಲ್ಲಿ ಇಂಗ್ಲಿಷ್ ಕಲಿಸಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಡಿಪ್ಲೊಮಾ ಮುಗಿಸಿದ್ದ ಅವರು 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅವರ ಕೈಯಲ್ಲಿದ್ದದ್ದು ಫುಲ್‌ಬ್ರೈಟ್ ಪ್ರಯಾಣವೇತನ ಮತ್ತು ಅದರ ಜತೆಗೆ ಸ್ಮಿತ್–ಮುಂಡ್ಟ್ ಅನುದಾನ. ಅವರ ಪರಿಚಯಪತ್ರಗಳಲ್ಲಿ ಈ ಎರಡು ಹೆಸರುಗಳು ಜೋಡಿಯಾಗಿ ಬರುವುದನ್ನು ಓದುಗರು ಬಹುಶಃ ಎರಡು ಗೌರವಗಳೆಂದು ಎಣಿಸಿ ಮುಂದೆ ಹೋಗುತ್ತಾರೆ. ವಾಸ್ತವವಾಗಿ ಅದು ಒಂದೇ ಪ್ರಯಾಣದ ಎರಡು ಬಿಲ್ಲು, ಒಂದು ರೂಪಾಯಿಯದು, ಇನ್ನೊಂದು ಡಾಲರಿನದು. ಆ ಪ್ರಯಾಣದ ಫಲ ಕನ್ನಡಕ್ಕೆ ಹೇಗೆ ಒದಗಿತೆಂಬುದು ಗೊತ್ತಿರುವ ಕಥೆ: ಕನ್ನಡದ ವ್ಯಾಕರಣವನ್ನೇ ವಿಷಯವಾಗಿಸಿಕೊಂಡು 1963ರಲ್ಲಿ ಅವರು ಡಾಕ್ಟರೇಟ್ ಪಡೆದರು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು, ವಚನಕಾರರನ್ನು ಇಂಗ್ಲಿಷ್ ಓದುಗರ ಕೈಗಿತ್ತರು.

ಗೋಧಿ ಬಂದ ಮೇಲೆ

ಯುದ್ಧದ ಉಳಿಕೆ ಸಾಮಾನು ಎಂದಾದರೂ ಮುಗಿಯಲೇಬೇಕು. ಬಹಳಷ್ಟು ದೇಶಗಳಲ್ಲಿ ಅದು ಬೇಗನೆ ಮುಗಿದು, ಫುಲ್‌ಬ್ರೈಟ್ ಆಯೋಗಗಳು ಹೊಸ ಹಣದ ದಾರಿ ಹುಡುಕಬೇಕಾಯಿತು. ಭಾರತದಲ್ಲಿ ಹಾಗಾಗಲಿಲ್ಲ, ಏಕೆಂದರೆ ಇಲ್ಲಿಗೆ ಗೋಧಿ ಬಂತು.

1951ರಲ್ಲಿ ಅಮೆರಿಕ ಭಾರತಕ್ಕೆ 19 ಕೋಟಿ ಡಾಲರಿನ ಗೋಧಿ ಸಾಲ ಕೊಟ್ಟಾಗಲೇ, ಬರುವ ಬಡ್ಡಿಯಲ್ಲಿ 50 ಲಕ್ಷ ಡಾಲರಿನವರೆಗೆ ಶೈಕ್ಷಣಿಕ ವಿನಿಮಯಕ್ಕೆ ತೆಗೆದಿಡುವ ಏರ್ಪಾಟು ಇತ್ತು. ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಸ್ಥಳೀಯ ನಾಣ್ಯಕ್ಕೆ ಮಾರಲು ಅವಕಾಶ ಕೊಟ್ಟ 1954ರ ಪಿಎಲ್–480 ಕಾಯಿದೆ ಇದೇ ತರ್ಕವನ್ನು ದೊಡ್ಡ ಪ್ರಮಾಣಕ್ಕೆ ಹಿಗ್ಗಿಸಿತು. 1956ರಿಂದ ಅಮೆರಿಕದ ಹೆಚ್ಚುವರಿ ಗೋಧಿ ಭಾರತದ ಬಂದರುಗಳಿಗೆ ಬರತೊಡಗಿತು, ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲಿ ಕಟ್ಟಿತು, ಆ ರೂಪಾಯಿ ಅಮೆರಿಕದ ಖಾತೆಯಲ್ಲಿ ಇಲ್ಲಿಯೇ ಬಿದ್ದಿತ್ತು. ಒಂದು ಪಾಲು ಭಾರತ ಸರ್ಕಾರಕ್ಕೇ ಸಾಲವಾಗಿ ಮರಳಿತು. ಇನ್ನೊಂದು ಪಾಲು ರಾಯಭಾರ ಕಚೇರಿಯ ಖರ್ಚಿಗೆ, ಸಂಶೋಧನೆಗೆ, ಫುಲ್‌ಬ್ರೈಟ್ ವೇತನಗಳಿಗೆ ಒದಗಿತು. ನಮ್ಮ ಹಿರಿಯರು ಪಡಿತರದ ಸಾಲಿನಲ್ಲಿ ನಿಂತು ತಂದ ಕೆಂಪು ಗೋಧಿಯ ಬಗೆಗೆ ಮುಖ ಸಿಂಡರಿಸಿಕೊಂಡೇ ಮಾತಾಡುತ್ತಾರೆ. ಆ ಗೋಧಿಯ ದುಡ್ಡಿನಲ್ಲಿ ಪುಸ್ತಕ ಕೊಂಡದ್ದು, ಜನರನ್ನು ಓದಿಸಿದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಪುಸ್ತಕದ ಮಾತು ಸುಮ್ಮನೆ ಬಂದದ್ದಲ್ಲ. 1962ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ಪಿಎಲ್–480 ರೂಪಾಯಿಯಲ್ಲಿ ಭಾರತದ ಭಾಷೆಗಳ ಹೊಸ ಪುಸ್ತಕಗಳನ್ನು ಕೊಂಡು, ತನಗೂ ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೂ ಕಳುಹಿಸತೊಡಗಿತು. ಕನ್ನಡವೂ ಆ ಪಟ್ಟಿಯಲ್ಲಿತ್ತು. ನಮ್ಮ ಪ್ರಕಾಶಕರ ಕಾದಂಬರಿ, ಕವನಸಂಕಲನಗಳು ಷಿಕಾಗೋದಂತಹ ಗ್ರಂಥಾಲಯದ ಕಪಾಟು ಸೇರಿದ ಬಗೆ ಇದು. ಇಲ್ಲಿನ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ಗೆದ್ದಲು ತಿಂದು ಹೋದ ಆ ಕಾಲದ ಕನ್ನಡ ಪುಸ್ತಕ ಅಲ್ಲಿ ರಟ್ಟು ಕಟ್ಟಿಸಿಕೊಂಡು ಕುಳಿತಿರುವುದು ಸಾಧ್ಯವಾದದ್ದು ಯಾರ ಸಾಹಿತ್ಯಪ್ರೇಮದಿಂದಲೂ ಅಲ್ಲ, ಬೇರೆಡೆ ಖರ್ಚು ಮಾಡಲಾಗದ ರೂಪಾಯಿಯಿಂದ ಎಂಬುದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ಅಮೆರಿಕದಿಂದ ಬಂದವರ ಕಡೆಯಿಂದ ಒಂದು ಉದಾಹರಣೆ ಸಾಕು. ವೆಸ್ಲಿಯನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾನ್ ಹಿಗ್ಗಿನ್ಸ್ 1964ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಮದರಾಸಿಗೆ ಬಂದು ಟಿ. ವಿಶ್ವನಾಥನ್ ಅವರಲ್ಲಿ ಕರ್ನಾಟಕ ಸಂಗೀತ ಕಲಿತರು. ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿದರು. ‘ಹಿಗ್ಗಿನ್ಸ್ ಭಾಗವತರ್’ ಎಂದೇ ಹೆಸರಾದರು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಅವರ ಕಂಠದಲ್ಲಿ ಕೇಳಿದವರಿಗೆ ಅದರ ಕನ್ನಡದ ಉಚ್ಚಾರ ಎಷ್ಟು ಶುದ್ಧವೆಂಬುದು ಗೊತ್ತು. ಹಿಂದೂಸ್ತಾನಿ ಸಂಗೀತವಾಗಲಿ ಕರ್ನಾಟಕ ಸಂಗೀತವಾಗಲಿ ಗುರುವಿನ ಮನೆಯ ಬಳಿ ವರ್ಷಗಟ್ಟಲೆ ಇದ್ದು ಕಲಿಯಬೇಕಾದ ವಿದ್ಯೆ. ಇಲ್ಲಿಯೇ ಖರ್ಚಾಗಬೇಕೆಂದು ಕಟ್ಟುಬಿದ್ದ ಹಣಕ್ಕೆ ಇದಕ್ಕಿಂತ ಹೊಂದುವ ಉಪಯೋಗ ಬೇರೆ ಇರಲಿಲ್ಲ.

ಆದರೆ ಈ ರೂಪಾಯಿ ರಾಶಿ ಭಾರತ ಸರ್ಕಾರಕ್ಕೆ ಮುಜುಗರದ ವಿಷಯವೂ ಆಗಿತ್ತು. ಪರದೇಶವೊಂದು ನಮ್ಮದೇ ನಾಣ್ಯವನ್ನು ಈ ಪ್ರಮಾಣದಲ್ಲಿ ಇಟ್ಟುಕೊಂಡಿರುವುದು, 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ನಿಕ್ಸನ್ ಸರ್ಕಾರ ಪಾಕಿಸ್ತಾನದ ಕಡೆ ವಾಲಿದ ಮೇಲಂತೂ, ಸಹಿಸಲು ಆಗದಂತಾಯಿತು. ಅಮೆರಿಕನ್ ಸಂಶೋಧಕರು ಭಾರತಕ್ಕೆ ಬರಬೇಕಾದರೆ ಪ್ರತಿ ಯೋಜನೆಗೂ ಭಾರತ ಸರ್ಕಾರದ ಅನುಮತಿ, ಇಲ್ಲಿನ ವಿದ್ಯಾಸಂಸ್ಥೆಯ ಸಂಯೋಜನೆ, ಸಂಶೋಧನಾ ವೀಸಾ ಬೇಕಾಗಿತ್ತು. ಗಡಿ, ಬುಡಕಟ್ಟು, ರಾಜಕೀಯ ಮೊದಲಾದ ವಿಷಯಗಳ ಕಡತಗಳು ತಿಂಗಳುಗಟ್ಟಲೆ ಕದಲುತ್ತಿರಲಿಲ್ಲ. ಅಂದರೆ ಭಾರತದ ಬಳಿ ಹಣದ ಅಧಿಕಾರ ಇರಲಿಲ್ಲ, ಬಾಗಿಲಿನ ಚಿಲಕ ಮಾತ್ರ ಇತ್ತು, ಅದನ್ನು ಅದು ಬೇಕಾದಾಗ ಹಾಕುತ್ತಿತ್ತು.

1974ರ ಫೆಬ್ರವರಿಯಲ್ಲಿ ರಾಯಭಾರಿ ಡ್ಯಾನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದು ಚೆಕ್ಕನ್ನು ಭಾರತ ಸರ್ಕಾರಕ್ಕೆ ಕೊಟ್ಟರು. ಅಂಕಿಯಲ್ಲಿ ಬರೆದರೆ 16,640,000,000. ಒಂದೇ ಚೆಕ್ಕಿನ ಮೊತ್ತಕ್ಕೆ ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಹೀಗೆ ರಾಶಿಯ ದೊಡ್ಡ ಪಾಲು ಭಾರತಕ್ಕೆ ಮರಳಿತು. ಉಳಿದದ್ದು ಅಮೆರಿಕದ ಸ್ಥಳೀಯ ವೆಚ್ಚಕ್ಕೆ, ವಿನಿಮಯ ಕಾರ್ಯಕ್ರಮಗಳಿಗೆ ಮತ್ತೂ ಕೆಲವು ಕಾಲ ಒದಗಿ ತೀರುತ್ತ ಬಂತು. ಗೋಧಿಯ ರೂಪಾಯಿ ಕರಗಿದಂತೆ ಪ್ರತಿಷ್ಠಾನ ಅಮೆರಿಕದ ವಾರ್ಷಿಕ ಬಜೆಟ್ಟಿನ ಮೇಲೆ ಹೆಚ್ಚು ಹೆಚ್ಚಾಗಿ ಅವಲಂಬಿತವಾಯಿತು.

ಕಾನೂನಿನ ದೃಷ್ಟಿಯಿಂದ ಭಾರತ ಪಾಲು ಹಾಕಲು ಅಡ್ಡಿಯಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1961ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ಕೆನಡಿ ಅಂಕಿತ ಹಾಕಿದ ಫುಲ್‌ಬ್ರೈಟ್–ಹೇಸ್ ಕಾಯಿದೆ ಉಳಿಕೆ ಸಾಮಾನಿನ ನಂಟನ್ನು ಕಳಚಿ, ಅನ್ಯ ಸರ್ಕಾರಗಳು ವೆಚ್ಚದಲ್ಲಿ ಭಾಗಿಯಾಗುವ ದಾರಿಯನ್ನು ತೆರೆದಿತ್ತು. ಜರ್ಮನಿ, ಜಪಾನ್‌ಗಳಂತಹ ದೇಶಗಳು ಹಾಗೆ ಭಾಗಿಯಾಗುತ್ತ ಹೋಗಿ, ಕೊನೆಗೆ ಅಮೆರಿಕಕ್ಕಿಂತ ಹೆಚ್ಚೇ ಕೊಡುವ ಮಟ್ಟಕ್ಕೆ ಬಂದವು. ಭಾರತಕ್ಕೆ ಆ ದಾರಿ ಹಿಡಿಯುವ ತುರ್ತು ಬರಲಿಲ್ಲ, ಏಕೆಂದರೆ ಇಲ್ಲಿ ಖರ್ಚಾಗುತ್ತಿದ್ದ ಹಣ ಹೇಗೂ ರೂಪಾಯಿಯೇ ಆಗಿತ್ತು. ವಿದೇಶಿ ವಿನಿಮಯದ ತೀವ್ರ ಕೊರತೆಯಿದ್ದ ದಶಕಗಳಲ್ಲಿ ಭಾರತೀಯ ವಿದ್ವಾಂಸರ ವಾಸಕ್ಕೆ ಡಾಲರ್ ಕೊಡುವುದು ಯಾವ ಹಣಕಾಸು ಸಚಿವಾಲಯಕ್ಕೂ ರುಚಿಸುವ ಪ್ರಸ್ತಾವವೂ ಆಗಿರಲಿಲ್ಲ. ಭಾರತದ ಅಭಿಮಾನಕ್ಕೆ ಅದು ಹೊಂದಲಿಲ್ಲ ಎಂದು ಕೆಲವರು ಹೇಳುವುದಿದೆ. ನನಗೆ ಕಾಣುವಂತೆ ಅಭಿಮಾನಕ್ಕಿಂತ ಡಾಲರಿನ ಅಭಾವವೇ ದೊಡ್ಡ ಕಾರಣ.

ಇಷ್ಟರ ನಡುವೆಯೂ ವಿನಿಮಯ ನಡೆದೇ ಇತ್ತು. 1987–88ರಲ್ಲಿ ಗಿರೀಶ ಕಾರ್ನಾಡರು ಫುಲ್‌ಬ್ರೈಟ್ ವೇತನದಡಿ ನಿವಾಸಿ ನಾಟಕಕಾರರಾಗಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು, ರಾಮಾನುಜನ್ ಅಲ್ಲಿಯೇ ಅಧ್ಯಾಪಕರು. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳೇ ‘ನಾಗಮಂಡಲ’ಕ್ಕೆ ಮೂಲ. ಆ ನಾಟಕ 1993ರಲ್ಲಿ ಮಿನಿಯಾಪೊಲಿಸ್‌ನ ಗಥ್ರೀ ಥಿಯೇಟರಿನಲ್ಲಿಯೂ ರಂಗಕ್ಕೆ ಬಂತು. 1959ರಲ್ಲಿ ಟಿಕೆಟ್ ಹಣ ಪಡೆದು ಹೋದವರು, 1987ರಲ್ಲಿ ಅತಿಥಿಯಾಗಿ ಹೋದವರು, ಕನ್ನಡದ ಅಜ್ಜಿಯರು ಹೇಳುತ್ತಿದ್ದ ಒಂದು ಕಥೆ, ಈ ಮೂರೂ ಒಂದು ಊರಿನಲ್ಲಿ ಕೂಡಿದ್ದನ್ನು ಯಾವ ಪ್ರತಿಷ್ಠಾನವೂ ಮೊದಲೇ ಯೋಜಿಸಲು ಸಾಧ್ಯವಿಲ್ಲ. ವಿನಿಮಯದ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಇಂತಹ ಫಲಕ್ಕೆ ಒಂದು ಕಾಲಮ್ಮೂ ಇರುವುದಿಲ್ಲ.

2008ರ ಒಪ್ಪಂದ: ಬದಲಾದದ್ದು

1991ರ ಆರ್ಥಿಕ ಸುಧಾರಣೆಯ ನಂತರ ಡಾಲರಿನ ಅಭಾವ ಕಾರಣವಾಗಿ ಉಳಿಯಲಿಲ್ಲ. 2005ರ ಜುಲೈಯಲ್ಲಿ ಬುಷ್ ಮತ್ತು ಮನಮೋಹನ ಸಿಂಗ್ ಹೊರಡಿಸಿದ ಜಂಟಿ ಹೇಳಿಕೆಯಿಂದ ಉಭಯ ದೇಶಗಳ ಸಂಬಂಧವೂ ಬೇರೆ ಹಂತಕ್ಕೆ ಹೋಗಿತ್ತು. ಈ ಹಿನ್ನೆಲೆಯಲ್ಲಿ ಆದ 2008ರ ಒಪ್ಪಂದ ಭಾರತವನ್ನು ವೆಚ್ಚದಲ್ಲಿ ಪೂರ್ಣ ಪಾಲುದಾರನನ್ನಾಗಿ ಮಾಡಿತು. ಆಡಳಿತ ಮಂಡಳಿಯಲ್ಲಿ ಭಾರತೀಯರು ಮತ್ತು ಅಮೆರಿಕನ್ನರು ಸಮಸಂಖ್ಯೆಯಲ್ಲಿದ್ದಾರೆ. ಫುಲ್‌ಬ್ರೈಟ್ ಒಪ್ಪಂದಗಳ ಹಳೆಯ ಮಾದರಿಯಲ್ಲಿ ಅಮೆರಿಕದ ರಾಯಭಾರಿಯೊಬ್ಬರೇ ಗೌರವಾಧ್ಯಕ್ಷರಾಗಿರುತ್ತಿದ್ದರು. ಈಗ ಭಾರತದ ವಿದೇಶಾಂಗ ಕಾರ್ಯದರ್ಶಿಯೂ ರಾಯಭಾರಿಯೂ ಸಹ ಗೌರವಾಧ್ಯಕ್ಷರು. ಎರಡೂ ಖಜಾನೆಗಳಿಂದ ಹಣ ಬಂದದ್ದರಿಂದ ವೇತನಗಳ ಸಂಖ್ಯೆ ಹೆಚ್ಚಿತು, ಮತ್ತು ಮುಂದೆ ಹವಾಮಾನ ಸಂಶೋಧನೆಗೆ ಅಬ್ದುಲ್ ಕಲಾಂ ಹೆಸರಿನ ಮತ್ತೊಂದು ಜೋಡುಹೆಸರಿನ ಫೆಲೋಶಿಪ್ ಕೂಡ ಸೇರಿತು.

ಅರ್ಜಿದಾರರ ಮಟ್ಟದಲ್ಲಿ ಇದು ಹೇಗೆ ಕಾಣುತ್ತದೆ? ಕರ್ನಾಟಕದ ಸರ್ಕಾರಿ ಕಾಲೇಜೊಂದರ ಸಹಾಯಕ ಪ್ರಾಧ್ಯಾಪಕಿ ಡಾಕ್ಟರೇಟ್ ಅಧ್ಯಯನದ ಭಾಗವಾಗಿ ಆರರಿಂದ ಒಂಬತ್ತು ತಿಂಗಳ ಸಂಶೋಧನಾ ವೇತನಕ್ಕೆ ಅರ್ಜಿ ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ಭಾರತದ ವಿಶ್ವವಿದ್ಯಾಲಯದಲ್ಲಿ ಅವರ ಪಿಎಚ್‌ಡಿ ನೋಂದಣಿ ಮೊದಲೇ ಆಗಿರಬೇಕು. ಸಂಶೋಧನಾ ಪ್ರಸ್ತಾವನೆ, ಶಿಫಾರಸು ಪತ್ರಗಳು, ಸಾಧ್ಯವಾದರೆ ಅಮೆರಿಕದ ಪ್ರಾಧ್ಯಾಪಕರೊಬ್ಬರ ಆಹ್ವಾನ ಪತ್ರ, ಇವುಗಳ ಜತೆಗೆ ಉದ್ಯೋಗದಾತರ ಒಪ್ಪಿಗೆಯೂ ಬೇಕು. ಇವುಗಳಲ್ಲಿ ಹೆಚ್ಚು ನಿದ್ದೆಗೆಡಿಸುವುದು ಕೊನೆಯದೇ: ಪ್ರಾಂಶುಪಾಲರ ಮೂಲಕ ಇಲಾಖೆಗೆ ಹೋದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂದು ವಿಚಾರಿಸಿಕೊಂಡು ತಿರುಗುವುದು. ಬೆಂಗಳೂರಿನಲ್ಲಿ ಪ್ರತಿಷ್ಠಾನದ ಶಾಖೆಯಿಲ್ಲ, ದಕ್ಷಿಣದಲ್ಲಿ ಅದರ ಕಚೇರಿಗಳಿರುವುದು ಚೆನ್ನೈ ಮತ್ತು ಹೈದರಾಬಾದಿನಲ್ಲಿ. ವಿಷಯತಜ್ಞರು ಅರ್ಜಿಯನ್ನು ಓದುತ್ತಾರೆ, ಸಂದರ್ಶನ ನಡೆಯುತ್ತದೆ, ಪ್ರತಿಷ್ಠಾನ ಪಟ್ಟಿ ಸಿದ್ಧಪಡಿಸುತ್ತದೆ. ಇಲ್ಲಿಯವರೆಗೆ ಎಲ್ಲವೂ ಜಂಟಿ.

ಬದಲಾಗದೆ ಉಳಿದದ್ದು

ಆ ಪಟ್ಟಿ ಅಂತಿಮವಲ್ಲ. ಅದು ವಾಷಿಂಗ್ಟನ್ನಿಗೆ ಹೋಗುತ್ತದೆ. ಅಮೆರಿಕದ ಅಧ್ಯಕ್ಷರು ನೇಮಿಸುವ 12 ಸದಸ್ಯರ ಫುಲ್‌ಬ್ರೈಟ್ ವಿದೇಶಿ ವಿದ್ಯಾರ್ಥಿವೇತನ ಮಂಡಳಿ ಒಪ್ಪಿದ ಮೇಲೆಯೇ ಆಯ್ಕೆ ಆಯ್ಕೆಯಾಗುತ್ತದೆ. 1946ರ ಕಾಯಿದೆಯಲ್ಲಿಯೇ ಈ ಮಂಡಳಿಯನ್ನಿಟ್ಟ ಉದ್ದೇಶ ಒಳ್ಳೆಯದಾಗಿತ್ತು: ವಿದೇಶಾಂಗ ಇಲಾಖೆಯ ಅಂದಂದಿನ ಅಗತ್ಯಗಳಿಗೆ ವಿದ್ವಾಂಸರ ಆಯ್ಕೆ ಬಲಿಯಾಗಬಾರದೆಂದು ಶಿಕ್ಷಣ ಕ್ಷೇತ್ರದ ಗಣ್ಯರನ್ನು ನಡುವೆ ಕೂರಿಸಲಾಗಿತ್ತು. ಅದು ಬೇಲಿಯ ಕೆಲಸ ಮಾಡುತ್ತಿದ್ದಷ್ಟು ಕಾಲ ಭಾರತದ ಕಡೆಯವರಿಗೆ ಅದರ ಇರವೇ ಅಷ್ಟಾಗಿ ತಿಳಿಯುತ್ತಿರಲಿಲ್ಲ.

2025ರ ಜೂನ್ 11ರಂದು ಆ ಮಂಡಳಿಯ ಬಹುತೇಕ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು. ತಾವು ಆರಿಸಿದ್ದ ಗಣನೀಯ ಸಂಖ್ಯೆಯ ಅಮೆರಿಕನ್ ಅಭ್ಯರ್ಥಿಗಳಿಗೆ ಸರ್ಕಾರ ವೇತನ ನಿರಾಕರಿಸಿದೆ, ಇತರ ದೇಶಗಳಿಂದ ಆಯ್ಕೆಯಾದ ಸುಮಾರು 1,200 ಮಂದಿಯನ್ನು ಕಾಯಿದೆಯಲ್ಲಿಲ್ಲದ ಇನ್ನೊಂದು ಪರಿಶೀಲನೆಗೆ ಒಳಪಡಿಸುತ್ತಿದೆ ಎಂಬುದು ಅವರ ಆಪಾದನೆ. ಆ ಸದಸ್ಯರು ಹಿಂದಿನ ಅಧ್ಯಕ್ಷರು ನೇಮಿಸಿದವರು, ರಾಜೀನಾಮೆ ರಾಜಕೀಯ ನಾಟಕ ಎಂದು ವಿದೇಶಾಂಗ ಇಲಾಖೆ ಉತ್ತರಿಸಿತು. ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದು ಅಮೆರಿಕದ ಒಳಜಗಳ. ನಮ್ಮ ಅಧ್ಯಯನಕ್ಕೆ ಬೇಕಾದ ಅಂಶ ಬೇರೆ: ಅರ್ಧ ವೆಚ್ಚ ಭರಿಸುವ ಸರ್ಕಾರವೊಂದರ ವಿದ್ವಾಂಸರ ಆಯ್ಕೆಯೂ, ಆ ಸರ್ಕಾರಕ್ಕೆ ಯಾವ ಮಾತೂ ಇಲ್ಲದ ಒಂದು ಕೋಣೆಯಲ್ಲಿ ಮುಗಿಯುತ್ತದೆ. ಇನ್ನೂ ಮುಂದೆ ಹೋದ ಉದಾಹರಣೆಯಾಗಿ ಚೀನಾ ಇದೆ. 1947ರಲ್ಲಿ ಮೊದಲ ಒಪ್ಪಂದ ಆದ ಅದೇ ಚೀನಾದಲ್ಲಿ, ಹಾಂಗ್‌ಕಾಂಗ್‌ನಲ್ಲಿಯೂ, 2020ರ ಜುಲೈಯಲ್ಲಿ ಟ್ರಂಪ್ ಅವರ ಒಂದೇ ಆದೇಶದಿಂದ ಕಾರ್ಯಕ್ರಮ ನಿಂತುಹೋಯಿತು.

ಬದಲಾಗದೆ ಉಳಿದ ಇನ್ನೊಂದು ಅಂಶ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ಈ ವೇತನದ ಮೇಲೆ ಹೋಗುವವರಿಗೆ ಸಿಗುವುದು ವಿನಿಮಯ ಕಾರ್ಯಕ್ರಮದವರ ಜೆ–1 ವೀಸಾ, ಅದರ ಕೆಳಭಾಗದಲ್ಲಿ ಎರಡು ವರ್ಷದ ನಿಯಮ ಇವರಿಗೆ ಅನ್ವಯಿಸುತ್ತದೆ ಎಂಬ ಒಂದು ಸಾಲು. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಕಳೆಯದೆ ಅಮೆರಿಕದಲ್ಲಿ ಕಾಯಂ ನೆಲೆಗೂ ಎಚ್–1ಬಿ ಕೆಲಸಕ್ಕೂ ಅರ್ಹತೆ ಇರುವುದಿಲ್ಲ. ಸಾಫ್ಟ್‌ವೇರ್ ಉದ್ಯೋಗದ ಮೇಲೆ ಹೋಗುವ ಕನ್ನಡಿಗರ ಕುಟುಂಬಗಳಲ್ಲಿ ಈ ಸಾಲು ಅಪರಿಚಿತ. ಫುಲ್‌ಬ್ರೈಟ್ ಅರ್ಜಿ ಹಾಕುವ ಎಂಜಿನಿಯರಿಂಗ್ ಪದವೀಧರರ ತಂದೆ ತಾಯಂದಿರು ಮೊದಲು ಕೇಳುವುದಾದರೋ ಈ ಸಾಲಿನ ಬಗೆಗೇ. ಪ್ರತಿಭೆ ಹೊರಗೆ ಹರಿದುಹೋಗುತ್ತದೆ ಎಂಬ ಭಾರತದ ಹಳೆಯ ಆತಂಕಕ್ಕೆ ಈ ನಿಯಮ ಒಂದು ಉತ್ತರ. ಹಣದ ಪಾಲು ಹೆಚ್ಚಿದಷ್ಟೂ ಈ ಸಾಲು ಭಾರತಕ್ಕೆ ಹೆಚ್ಚು ಪ್ರಿಯವಾಗುವುದು ಸಹಜ, ಏಕೆಂದರೆ ಈಗ ಹೋಗುವವರಲ್ಲಿ ತನ್ನ ತೆರಿಗೆದಾರರ ಹಣವೂ ಇದೆ.

ಆಯ್ಕೆ ವಾಷಿಂಗ್ಟನ್ನಿನಲ್ಲಿ ಮುಗಿಯುವುದರಿಂದ ಮೇಲೆ ಹೇಳಿದ ಪ್ರಾಧ್ಯಾಪಕಿಯ ಕೈಗೆ ಮೊದಲು ಬರುವ ಪತ್ರದಲ್ಲಿ ಅವರು ‘ಆಯ್ಕೆಯಾಗಿದ್ದಾರೆ’ ಎಂದು ಇರುವುದಿಲ್ಲ, ನಾಮನಿರ್ದೇಶಿತರು ಎಂದಿರುತ್ತದೆ. ಸಂದರ್ಶನದಲ್ಲಿ ಮೇಲುಗೈಯಾದವರು ಮುಖ್ಯಪಟ್ಟಿಯಲ್ಲಿ, ಉಳಿದ ಕೆಲವರು ಕಾಯ್ದಿರಿಸಿದ ಪಟ್ಟಿಯಲ್ಲಿ. ವಾಷಿಂಗ್ಟನ್ನಿನ ಮಂಡಳಿ ಒಪ್ಪಬೇಕು, ಹಣ ಒದಗಬೇಕು, ವೈದ್ಯಕೀಯ ತಪಾಸಣೆ ಮುಗಿಯಬೇಕು, ವೀಸಾ ಸಿಗಬೇಕು. ಕಾಲೇಜಿನಲ್ಲಿ ಸಹೋದ್ಯೋಗಿಗಳು ಸಿಹಿ ಕೇಳುತ್ತಾರೆ. ಇನ್ನೂ ಮಂಡಳಿಯ ಪತ್ರ ಬರಲಿ ಎಂದು ಅವರು ತಿಂಗಳುಗಳ ಕಾಲ ಮುಂದೂಡುತ್ತಾ, ಇತ್ತ ಇಲಾಖೆಯ ರಜೆ ಮಂಜೂರಾತಿಯ ಕಡತಕ್ಕೆ ಮತ್ತೊಂದು ಜ್ಞಾಪನಾ ಪತ್ರ ಬರೆಯುತ್ತಾರೆ.